ಕಂಬದ ಪಕ್ಕದ ಎರಡು ಸೀಟು

ಅವಳ ಕಾಲಿಗೆ ದಾರಿ ಗೊತ್ತಿತ್ತು. ಬಸ್ಸಿನಿಂದ ಇಳಿದ ನಲವತ್ತು ಚಿಲ್ಲರೆ ಜನ ಕತ್ತೆತ್ತಿ ಬೋರ್ಡು ಹುಡುಕುತ್ತಿದ್ದಾಗ, ಬಸ್ಸು ಗೊತ್ತುಮಾಡಿ ಎಲ್ಲರನ್ನೂ ಕರೆತಂದಿದ್ದ ಬೇಕರಿಯವನು ಎಡಕ್ಕೋ ಬಲಕ್ಕೋ ಎಂದು ಪೊಲೀಸನ ಮುಖ ನೋಡುತ್ತಿದ್ದಾಗ, ಅವಳ ಚಪ್ಪಲಿ ಆಗಲೇ ಎಡಕ್ಕೆ ತಿರುಗಿತ್ತು. ಒಂದೇ ಹೆಜ್ಜೆ. ಮರುಗಳಿಗೆಯಲ್ಲಿ ಅವಳು ಆ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡು, ತನಗೂ ಏನೂ ಗೊತ್ತಿಲ್ಲ ಅನ್ನುವ ಹಾಗೆ ಎಲ್ಲರ ಜೊತೆ ನಿಂತಳು. ಬೇರೆ ಯಾರೂ ಗಮನಿಸಿರಲಿಕ್ಕಿಲ್ಲ. ಜೊತೆಗಿದ್ದ ಗಂಡ ಗಮನಿಸಿದ. "ಎಡಕ್ಕೆ, ಎಡಕ್ಕೆ, ಸಾಲಾಗಿ ನಡೀರಿ" ಎಂದು ಪೊಲೀಸ ಕೈ ತೋರಿಸಿದ ಮೇಲೆ ಎಲ್ಲರೂ ಹೊರಟರು. ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಇಟ್ಟಿಗೆ ಮನೆಗಳ ಓಣಿ. ಕಿಟಕಿಗಳಿಂದ ಇವರ ಹಳದಿ ಮಫ್ಲರುಗಳನ್ನು ನೋಡುವ ಮುಖಗಳು. ನಡುವೆ ಒಂದು ಮೋರಿಯ ಮುಚ್ಚಳ ಒಂದು ಬದಿಗೆ ಕುಸಿದಿತ್ತು. ಮುಂದೆ ಹೋಗುತ್ತಿದ್ದ ಇಬ್ಬರು ಎಡವಿದರು. ಅವಳು ಕೆಳಗೆ ನೋಡದೆಯೇ ಅದನ್ನು ದಾಟಿದಳು. ಎಷ್ಟು ವರ್ಷ ದಾಟಿದ್ದಳೋ, ಯಾರ ಕೈ ಹಿಡಿದುಕೊಂಡು ದಾಟಿದ್ದಳೋ. ಅದನ್ನು ಕೇಳುವ ಬದಲು ಅವನು "ಹುಷಾರು" ಎಂದ. ಅವಳು "ಹೂಂ" ಎಂದಳು.

ಅವನು ತಕ್ಕಡಿ ರಿಪೇರಿಯವನು. ಅಂಗಡಿಗಳ ತಕ್ಕಡಿ, ಗೋದಾಮುಗಳಲ್ಲಿ ಮೂಟೆ ತೂಗುವ ದೊಡ್ಡ ಕಾಟಾ, ಅಂಚೆ ಕಚೇರಿಯ ಪಾರ್ಸಲು ತೂಗುವ ಯಂತ್ರ, ಎಲ್ಲವೂ ಅವನ ಕೈ ದಾಟಿಯೇ ಊರಿನಲ್ಲಿ ಕೆಲಸ ಮಾಡುತ್ತಿದ್ದವು. ಮೂವತ್ತೈದು ವರ್ಷ ಮುಳ್ಳಿನ ನಡುಕವನ್ನೇ ನೋಡಿ ನೋಡಿ ಅವನ ಕಣ್ಣಿಗೆ ಒಂದು ಚಟ ಅಂಟಿಕೊಂಡಿತ್ತು. ಯಾರ ಎದುರು ಕೂತರೂ ಆ ಮುಖದಲ್ಲಿ ಎಲ್ಲಿ ಏನು ಅಲುಗಿತು ಅಂತ ನೋಡುವುದು. ಐವತ್ತೊಂದನೇ ವಯಸ್ಸಿಗೆ ಮದುವೆಯಾದವನು. ಅದಕ್ಕೆ ಮೊದಲು ಅವನ ಬಾಳಿನಲ್ಲಿ ಹೇಳಿಕೊಳ್ಳುವಂಥ ಯಾವ ಹೆಣ್ಣೂ ಇರಲಿಲ್ಲ. ಅವಳಿಗೆ ಮಾತ್ರ ಹತ್ತೊಂಬತ್ತು ವರ್ಷ ಬಾಳಿದ ಇನ್ನೊಬ್ಬ ಗಂಡ ಇದ್ದ. ಇದೇ ಊರಿನಲ್ಲಿ. ಇಲ್ಲಿನ ಫುಟ್‌ಬಾಲ್ ತಂಡದ ಹುಚ್ಚಿನವನು. ಕಿಟಕಿ ಗಾಜು ಕೊಯ್ಯುವವನು. ಒಂದು ದಿನ ಏಣಿಯ ಮೇಲಿದ್ದಾಗಲೇ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲವಂತೆ. ಆಮೇಲೆ ಅವಳು ಅಕ್ಕನ ಮನೆಯಲ್ಲಿರಲು ಇವನ ಊರಿಗೆ ಬಂದಳು. ಆಸ್ಪತ್ರೆಯಲ್ಲಿ ಕೂಸುಗಳ ತೂಕ ನೋಡುವ ಕೋಣೆಯಲ್ಲಿ ಕೆಲಸಕ್ಕೆ ಸೇರಿದಳು. ಕೂಸಿನ ತಕ್ಕಡಿ ಕೆಟ್ಟಿದೆ ಎಂದು ಕರೆ ಬಂದು ಇವನು ಹೋದ. ತಕ್ಕಡಿಯಲ್ಲಿ ಅಂಥದ್ದೇನೂ ಕೆಟ್ಟಿರಲಿಲ್ಲ. ಆದರೂ ಮೂರು ಸಲ ಹೋದ.

ಈ ಊರಿನ ದೊಡ್ಡ ತಂಡದ ಜೊತೆ, ಅವರ ಆ ನೂರು ವರ್ಷದ ಸ್ಟೇಡಿಯಂನಲ್ಲೇ, ಇವರ ಊರಿನ ತಂಡ ಆಡಬೇಕು ಎಂದು ಕಪ್ಪಿನ ಪಂದ್ಯಗಳ ಜೋಡಿಗೆ ಎತ್ತಿದ ಚೀಟಿಯಲ್ಲಿ ಬಂದ ದಿನ ಊರಿಗೆ ಊರೇ ಕುಣಿಯಿತು. ಮೂವತ್ತೊಂದು ವರ್ಷದಲ್ಲಿ ಆಗದ್ದು ಆಗಿತ್ತು. ಅವಳು ಮಾತ್ರ ತಟ್ಟೆ ಒರೆಸುತ್ತ, "ನೀವು ಹೋಗಿ ಬನ್ನಿ. ನಾನು ಮನೇಲಿರ್ತೀನಿ," ಎಂದಳು. ಅಷ್ಟೇ. ಅಷ್ಟಕ್ಕೇ ಅವನು ಒಳಗೇ ಲೆಕ್ಕ ಹಾಕತೊಡಗಿದ. ಯಾಕೆ ಬರುವುದಿಲ್ಲ? ಮರೆತಿದ್ದರೆ ಬರಬಹುದಿತ್ತಲ್ಲ. ಮರೆತಿಲ್ಲ, ಅದಕ್ಕೇ ಬರುವುದಿಲ್ಲ. ಅವಳಿಗೆ ತಿಳಿಯದ ಹಾಗೆ ಎರಡು ಟಿಕೆಟ್ಟಿಗೆ ಹೆಸರು ಬರೆಸಿದ. ಹಳದಿ ಮಫ್ಲರು ತಂದು ಅವಳ ಕೊರಳಿಗೆ ತಾನೇ ಸುತ್ತಿದ. "ನನಗೆ ಹಳದಿ ಹೊಂದಲ್ಲ ಕಣ್ರೀ," ಎಂದಳು. "ಹೊಂದುತ್ತೆ," ಎಂದ. ಆ ಊರಿನ ತಂಡ ಗೋಲು ಹೊಡೆದಾಗ ಇವಳ ಮುಖದಲ್ಲಿ ಏನಾಗುತ್ತದೆ, ಅದೊಂದು ಅವನಿಗೆ ಬೇಕಿತ್ತು. ಅದನ್ನು ನೋಡಲಿಕ್ಕೇ ಕರೆದುಕೊಂಡು ಬರುತ್ತಿದ್ದೇನೆ ಎಂದು ಅವನು ತನಗೆ ತಾನೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಆದರೆ ಬಸ್ಸಿನಲ್ಲಿ ಐದು ತಾಸು ಎಲ್ಲರೂ ಕೂಗಿ ಹಾಡುತ್ತಿದ್ದರೆ ಅವನು ಕಿಟಕಿಯ ಗಾಜಿನಲ್ಲಿ ಅವಳ ಮುಖದ ನೆರಳನ್ನೇ ನೋಡುತ್ತ ಕೂತಿದ್ದ. ಗಾಜು ಬೇರೆ. ಎಲ್ಲಿ ನೋಡಿದರೂ ಗಾಜು. ಯಾವನೋ ಕೊಯ್ದು ಕೂರಿಸಿದ ಗಾಜು.

ಹೊರಗಿನವರಿಗೆ ಬೇರೆಯೇ ಬಾಗಿಲು. ಗೋಡೆಯ ಹಿಂಭಾಗದಲ್ಲಿ, ಕಸದ ಡಬ್ಬಿಗಳ ಪಕ್ಕ, ಒಬ್ಬೊಬ್ಬರೇ ಓರೆಯಾಗಿ ನುಗ್ಗಬೇಕಾದ ಕಬ್ಬಿಣದ ತಿರುಗು ಗೇಟು. ಅಲ್ಲಿ ಕೋಟಿನ ಜೇಬು ತಡವುತ್ತಿದ್ದ ಕಾವಲುಗಾರ ಇವನ ಜೇಬಿನಿಂದ ಐವತ್ತು ಗ್ರಾಮಿನ ಹಿತ್ತಾಳೆ ಬಟ್ಟು ಎತ್ತಿ ಹಿಡಿದ. "ಇದೇನು?" "ಬಟ್ಟು. ತೂಕದ್ದು." "ಇಲ್ಲಿ ಏನು ತೂಗೋಕೆ ಬಂದಿದ್ದೀಯ?" ಹಿಂದಿದ್ದವರು ಗೊಳ್ಳೆಂದರು. ಅದು ಅವನ ಜೇಬಿನಲ್ಲಿ ಯಾವಾಗಲೂ ಇರುತ್ತಿತ್ತು. ಬೇರೆಯವರಿಗೆ ಬೀಗದ ಕೈ ಇದ್ದ ಹಾಗೆ. ಮೈದಾನಕ್ಕೆ ಎಸೆಯಬಹುದಾದ ವಸ್ತು ಎಂದು ಬಕೆಟ್ಟಿನೊಳಕ್ಕೆ ಹಾಕಿದ ಕಾವಲುಗಾರ. ನೀರಿನ ಬಾಟಲಿಗಳ, ಕೊಡೆಗಳ ನಡುವೆ ಅದು ಠಣ್ ಎಂದು ಬಿತ್ತು. "ವಾಪಸ್ ಕೊಡ್ತೀರಾ?" ಎಂದು ಕೇಳಿದ ಅವನ ದನಿ ಅವನಿಗೇ ಸಣ್ಣದಾಗಿ ಕೇಳಿಸಿತು. ಅವಳು ಮುಂದೆ ಬಂದು ಕಾವಲುಗಾರನಿಗೆ, "ಇರಲಿ ಬಿಡಿ, ಇವ್ರು ಯಾವಾಗ್ಲೂ ಹೀಗೇ. ಹೋಗ್ತಾ ಸಿಕ್ರೆ ತಗೊಂಡ್ರಾಯ್ತು," ಎಂದು ಅವನ ತೋಳು ಹಿಡಿದು ಒಳಕ್ಕೆ ಎಳೆದಳು. ಇವ್ರು ಯಾವಾಗ್ಲೂ ಹೀಗೇ ಎಂದರೆ ಏನು? ಇನ್ನೊಬ್ಬ ಹೀಗಿರಲಿಲ್ಲ ಎಂದೇ? ಅವನ ಜೇಬಿನಲ್ಲಿ ಏನಿರುತ್ತಿತ್ತು? ಗಾಜು ಕೊಯ್ಯುವ ಕಟ್ಟರ್ ಇದ್ದಿರಬೇಕು. ಅವನ ಊರಿನ ಬಾಗಿಲಲ್ಲಿ ಅವನ ಜೇಬನ್ನು ಯಾರು ತಡವುತ್ತಾರೆ!

ಮೆಟ್ಟಿಲು ಹತ್ತಿ ಬೆಳಕಿಗೆ ಬಂದಾಗ ಅವನ ಉಸಿರು ಒಂದು ಗಳಿಗೆ ನಿಂತಿತು. ಅದನ್ನು ಅವಳು ನೋಡಬಾರದು ಎಂದು ಕೆಮ್ಮಿದ. ಅಷ್ಟು ಹಸಿರನ್ನು ಅವನು ಕಂಡಿರಲಿಲ್ಲ. ಸುತ್ತ ನಾಲ್ಕೂ ಕಡೆ ಎದ್ದು ನಿಂತ ಗ್ಯಾಲರಿಗಳು. ಎದುರಿಗೇ ಎಲ್ಲಕ್ಕಿಂತ ಹಳೆಯದು, ಕಪ್ಪಾದ ಇಟ್ಟಿಗೆ, ಹಸಿರು ಬಣ್ಣ ಬಳಿದ ಕಬ್ಬಿಣದ ಕಂಬಗಳು, ಉಳಿದ ಕಡೆಯೆಲ್ಲ ಪ್ಲಾಸ್ಟಿಕ್ ಬಂದಿದ್ದರೂ ಅಲ್ಲಿ ಇನ್ನೂ ಮರದ ಸೀಟುಗಳು. ತಲೆತಲಾಂತರ ಜನ ಕೂತು ಕೂತು ನುಣುಪಾದದ್ದು ಇಷ್ಟು ದೂರದಿಂದಲೂ ಮಿನುಗುತ್ತಿತ್ತು. ಇವರ ಊರಿನ ಮೈದಾನಕ್ಕೆ ಒಂದೇ ಒಂದು ಕಡೆ ತಗಡಿನ ಮಾಡು. ಇನ್ನೊಂದು ಕಡೆ ಮಣ್ಣಿನ ದಿಬ್ಬ. ಮೂರನೇ ಕಡೆ ಯಾರದೋ ಮರದ ಅಡ್ಡೆಯ ಗೋಡೆ, ಚೆಂಡು ಅದರಾಚೆ ಹೋದರೆ ಬೀಗ ತೆಗೆಸಬೇಕು. ಅದರ ಬಗ್ಗೆ ಅವನಿಗೆ ಇದುವರೆಗೆ ನಾಚಿಕೆ ಆದದ್ದಿಲ್ಲ. ಮದುವೆಯಾದ ಹೊಸತರಲ್ಲಿ ಅವಳನ್ನು ಆ ದಿಬ್ಬದ ಮೇಲೆ ಪೇಪರು ಹಾಸಿ ಕೂರಿಸಿ, "ಹೇಗಿದೆ?" ಎಂದು ಹೆಮ್ಮೆಯಿಂದ ಕೇಳಿದ್ದು ನೆನಪಾಗಿ ಅವನ ಕಿವಿ ಬಿಸಿಯಾಯಿತು. "ಗಾಳಿ ಚೆನ್ನಾಗಿದೆ," ಎಂದಿದ್ದಳು. ಗಾಳಿ!

ಹೊರಗಿನವರಿಗೆ ಎಂದು ಬಿಟ್ಟದ್ದು ಒಂದು ಮೂಲೆ. ಎರಡೂ ಕಡೆ ಬಲೆ ಕಟ್ಟಿ, ಬಲೆಯಾಚೆ ಕಿತ್ತಳೆ ಬಣ್ಣದ ಕೋಟಿನ ಕಾವಲಿನವರನ್ನು ನಿಲ್ಲಿಸಿದ್ದರು. ಬೇಕರಿಯವನು ಅವನ ಆಚೆ ಪಕ್ಕ ಕೂತ. ಬೇಕರಿಯವನ ಕೊರಳಲ್ಲಿ ಒಂದು ದೊಡ್ಡ ದುರ್ಬೀನು ನೇತಾಡುತ್ತಿತ್ತು. ಅವಳು ಈಚೆ ಪಕ್ಕ, ಕೈಚೀಲ ತೊಡೆಯ ಮೇಲಿಟ್ಟು, ಡಾಕ್ಟರ ಮನೆಯ ಬೆಂಚಿನಲ್ಲಿ ಕೂತವಳ ಹಾಗೆ ಕೂತಳು.

"ಎಲ್ಲಿ ಕೂರ್ತಿದ್ದೆ?" ಎಂದು ಕೇಳಿದ ಅವನು. ಕೇಳಬಾರದು ಎಂದುಕೊಂಡೇ ಕೇಳಿದ.

ಅವಳು ಹುಡುಕಲೂ ಇಲ್ಲ. ಬೆರಳು ನೆಟ್ಟಗೆ ಎದುರಿನ ಗ್ಯಾಲರಿಗೆ ಹೋಯಿತು. "ಅಗೋ, ಬಲಗಡೆಯಿಂದ ಮೂರನೇ ಕಂಬ. ಅದರ ಪಕ್ಕ. ಹದಿನೇಳನೇ ಸಾಲು."

ಆ ಕಂಬ ಅವನಿಗೆ ಗೊತ್ತಿತ್ತು. ಒಂದು ಸಂಜೆ ಬಟಾಣಿ ಬಿಡಿಸುತ್ತ ಅವಳೇ ಹೇಳಿದ್ದಳು, ಯಾವುದೋ ಮಾತಿಗೆ ಬಂದದ್ದು, ನಗುತ್ತ ಹೇಳಿದ್ದು. ಎರಡು ಸೀಟು. ಅದರಲ್ಲಿ ಒಂದಕ್ಕೆ ಕಂಬ ಅಡ್ಡ. ಅಲ್ಲಿ ಕೂತರೆ ಮೈದಾನದ ಒಂದು ಮೂಲೆ ಪೂರ್ತಿ ಮರೆ. "ಮೊದಲರ್ಧ ನಾನು ಕಂಬದ ಹಿಂದೆ, ಎರಡನೇ ಅರ್ಧ ಅವನು. ಹತ್ತೊಂಬತ್ತು ವರ್ಷ ಹಂಗೇ. ಒಂದು ದಿನ ತಪ್ಪಿಸಿದ್ರೆ ಕೇಳಿ." ಬಟಾಣಿಯ ಸಿಪ್ಪೆ ಬುಟ್ಟಿಗೆ ಬೀಳುತ್ತಲೇ ಇತ್ತು. ಅವಳು ಅದನ್ನು ಮರೆತೂ ಬಿಟ್ಟಿರಬೇಕು. ಅವನು ಮರೆಯಲಿಲ್ಲ. ಜಗತ್ತಿನಲ್ಲಿ ಗಂಡಹೆಂಡಿರು ಏನೇನೋ ಹಂಚಿಕೊಳ್ಳುತ್ತಾರೆ. ಕಾಣದಿರುವುದನ್ನು ಅರ್ಧರ್ಧ ಮಾಡಿಕೊಂಡವರು ಇವರಿಬ್ಬರೇ ಇರಬೇಕು ಅನ್ನಿಸಿತು ಅವನಿಗೆ. ತಾನೂ ಅವಳೂ ಏನನ್ನು ಅರ್ಧ ಮಾಡಿಕೊಂಡಿದ್ದೇವೆ ಎಂದು ಆ ರಾತ್ರಿ ಲೆಕ್ಕ ಹಾಕಲು ಹೊರಟು ಬೆಳಗಿನ ಪೇಪರಿನ ಆಚೆ ಹಾಳೆ ಒಬ್ಬರಿಗೆ, ಈಚೆ ಹಾಳೆ ಒಬ್ಬರಿಗೆ ಎನ್ನುವುದಕ್ಕಿಂತ ಮುಂದೆ ಹೋಗಲಾಗಲಿಲ್ಲ. ಇನ್ನೊಂದು ಮಾತೂ ಆ ದಿನವೇ ಚುಚ್ಚಿತ್ತು. ಸತ್ತವನನ್ನು ಅವಳು 'ಅವನು' ಎನ್ನುತ್ತಿದ್ದಳು. ತನ್ನ ಜೊತೆ ಮಾತ್ರ 'ನೀವು', 'ಬನ್ನಿ', 'ಊಟ ಮಾಡಿ'. ನೆರೆಹೊರೆಯವರು ಎಷ್ಟು ಮರ್ಯಾದೆ ಎಂದು ಹೊಗಳುತ್ತಿದ್ದ ಆ 'ನೀವು' ಅವನಿಗೆ ಅತಿಥಿಗೆ ಹಾಕಿದ ಕುರ್ಚಿಯ ಹಾಗೆ ಕಾಣಲು ಶುರುವಾದದ್ದು ಅವತ್ತಿನಿಂದ.

ಆಟ ಶುರುವಾಯಿತು. ಇಡೀ ಸ್ಟೇಡಿಯಂ ಒಂದೇ ಕೊರಳಿನಿಂದ ಹಾಡು ಎತ್ತಿಕೊಂಡಾಗ ಕಾಲ ಕೆಳಗಿನ ಸಿಮೆಂಟು ಸಣ್ಣಗೆ ನಡುಗಿತು. ಇಷ್ಟು ಜನಕ್ಕೂ ಬಾಯಿಪಾಠ. ಇವಳಿಗೂ ಬಾಯಿಪಾಠವೇ ಇರಬೇಕಲ್ಲ. ಓರೆಗಣ್ಣಿನಿಂದ ಅವಳ ಕೊರಳು ನೋಡಿದ. ಒಳಗೆ ಹಾಡುವವರ ಕೊರಳು ಸುಮ್ಮನಿರುವುದಿಲ್ಲ, ಉಗುಳು ನುಂಗುವ ಹಾಗೆ ಮೇಲೆ ಕೆಳಗೆ ಆಗುತ್ತದೆ. ಮಫ್ಲರು ಅಡ್ಡ ಇತ್ತು. ತಾನೇ ಸುತ್ತಿದ ಮಫ್ಲರು. "ಸೆಕೆ ಆಗ್ತಿಲ್ವಾ? ತೆಗಿ ಅದನ್ನ," ಎಂದ. "ಇಲ್ಲ, ಚಳಿ ಇದೆ," ಎಂದು ಇನ್ನೂ ಬಿಗಿಯಾಗಿ ಸುತ್ತಿಕೊಂಡಳು.

ಇಪ್ಪತ್ತನೇ ನಿಮಿಷಕ್ಕೋ ಏನೋ, ದೊಡ್ಡ ತಂಡದ ಒಬ್ಬ ಉದ್ದಕಾಲಿನವನು ಬಲಗಡೆಯಿಂದ ನುಗ್ಗಿದ. ಎಲ್ಲರೂ ಎದ್ದರು. ಅವನಿಗೆ ಗೊತ್ತಾಯಿತು, ಇದು ಗೋಲೇ. ಆಟ ಬಲ್ಲವರಿಗೆ ಚೆಂಡು ಕಾಲು ಬಿಡುವ ಮೊದಲೇ ಗೊತ್ತಾಗುತ್ತದೆ. ಅವನು ಮೈದಾನದಿಂದ ಮುಖ ತಿರುಗಿಸಿ ಅವಳನ್ನು ನೋಡಿದ. ಸ್ಟೇಡಿಯಂ ಸಿಡಿಯಿತು. ಎದುರಿನ ಗ್ಯಾಲರಿಯಿಂದ ಹೊರಟ ಕೂಗು ಮುಖಕ್ಕೆ ಬಡಿದ ಹಾಗಾಯಿತು. ಅವಳು ಕೂತೇ ಇದ್ದಳು. ಕೈ ಚೀಲದ ಹಿಡಿಯ ಮೇಲೆ. ಹುಬ್ಬು ಹುಬ್ಬಿನ ಜಾಗದಲ್ಲಿ, ತುಟಿ ತುಟಿಯ ಜಾಗದಲ್ಲಿ. ಚಪ್ಪಲಿಯೊಳಗಿನ ಹೆಬ್ಬೆರಳು ಕೂಡ ಅಲುಗಲಿಲ್ಲ. ಅವನಿಗೆ ಸಮಾಧಾನ ಆಗಬೇಕಿತ್ತು. ಬದಲು ಸಿಟ್ಟು ಬಂತು. ಇಷ್ಟು ಸುಮ್ಮನಿರಲು ಮನುಷ್ಯರಿಗೆ ಆಗುತ್ತದೆಯೇ? ಏನೂ ಇಲ್ಲದವರು ಇಷ್ಟು ಸುಮ್ಮನಿರುವುದಿಲ್ಲ. ಹಿಡಿದಿಟ್ಟುಕೊಂಡವರು ಇರುತ್ತಾರೆ. ಕಳ್ಳ ಅಂಗಡಿಯವನು ತಕ್ಕಡಿಯ ಮುಳ್ಳಿಗೆ ಮೇಣ ಅಂಟಿಸಿದರೆ ಅದೂ ಹೀಗೇ ನಿಲ್ಲುತ್ತದೆ.

ಅರ್ಧ ಆಟ ಮುಗಿದಾಗ ಬೇಕರಿಯವನು ಮೂರು ಕಾಗದದ ಲೋಟದಲ್ಲಿ ಚಹಾ ತಂದ. "ತಗೊಳ್ಳಿ ಅತ್ತಿಗೆ. ಇದು ಚಹಾ ಅಂತ ಹೇಳಿ ಕೊಟ್ಟಿದ್ದಾರೆ, ನಂಬೋದು ಬಿಡೋದು ನಿಮಗೆ ಬಿಟ್ಟದ್ದು." ಅವಳು ಒಂದು ಗುಟುಕು ಕುಡಿದು, "ಆವಾಗಿಂದ್ಲೂ ಹೀಗೇ ಇದು," ಎಂದು ನಕ್ಕಳು. ನಕ್ಕ ಮೇಲೆ ಗಂಡನ ಕಡೆ ನೋಡಿದಳು. ಅವನು ಎದುರಿನ ಮೂರನೇ ಕಂಬ ನೋಡುತ್ತಿದ್ದ. ಈಗ ಅಲ್ಲಿ ಇಬ್ಬರು ಏಳುತ್ತಿರಬೇಕು, ಜಾಗ ಬದಲಿಸುತ್ತಿರಬೇಕು, ಅವಳ ಮೊಣಕಾಲು ಅವನ ಮೊಣಕಾಲಿಗೆ ತಾಗುತ್ತಿರಬೇಕು, ಇಕ್ಕಟ್ಟಿನ ಸಾಲು.

ಎರಡನೇ ಅರ್ಧ ಆರಂಭವಾಗಿ ಸ್ವಲ್ಪ ಹೊತ್ತಿಗೆ ಅವಳು ಕಣ್ಣು ಒರೆಸಿಕೊಂಡ ಹಾಗೆ ಕಂಡಿತು. ಗಾಳಿಗೋ, ಧೂಳಿಗೋ, ಬೇರೆಯದಕ್ಕೋ? ಅವನು ಬಗ್ಗಿ ನೋಡಿದ. ಅದೇ ಹೊತ್ತಿಗೆ ಅವನ ಸುತ್ತ ಇದ್ದ ಜನವೆಲ್ಲ ಒಟ್ಟಿಗೇ ಗಾಳಿಗೆ ಹಾರಿದರು. ಬೇಕರಿಯವನು ಅವನನ್ನು ಅಪ್ಪಿ ಎತ್ತಿದ, ಇಳಿಸಿದ, ಅವಳ ಎರಡೂ ಕೈ ಹಿಡಿದು ಕುಣಿಸಿದ. ಮುಂದಿನ ಸಾಲಿನ ಮುದುಕನೊಬ್ಬ ಬಿಕ್ಕಿ ಬಿಕ್ಕಿ ಅಳುತ್ತಿದ್ದ. ಇವರ ಊರಿನ ತಂಡ ಗೋಲು ಹೊಡೆದಿತ್ತು. ಈ ಮೈದಾನದಲ್ಲಿ, ಈ ನೂರು ವರ್ಷದ ಹುಲ್ಲಿನ ಮೇಲೆ, ಊರಿನ ತಂಡದ ಮೊದಲ ಗೋಲು. ಅವನು ನೋಡಲಿಲ್ಲ.

"ಹೇಗಿತ್ತೋ ಹೊಡೆತ!" ಎಂದು ಬೇಕರಿಯವನು ಅರಚಿದ.

"ಭಾರಿ ಹೊಡೆತ," ಎಂದ ಅವನು.

"ಎಡಗಾಲು ಕಣೋ! ಎಡಗಾಲು!"

"ಹೌದೌದು. ಎಡಗಾಲು."

ಊರಿಗೆ ಹೋದ ಮೇಲೆ ಎಷ್ಟು ವರ್ಷ ಈ ಗೋಲಿನ ಮಾತು ನಡೆಯುತ್ತದೋ, ಅಷ್ಟು ವರ್ಷವೂ ತಾನು ಹೀಗೇ ಹೌದೌದು ಎನ್ನುತ್ತ ಕೂರಬೇಕು. ಅವಳು ಮಾತ್ರ ನೋಡಿದ್ದಳು. ಕೆನ್ನೆ ಕೆಂಪಾಗಿತ್ತು, ನಗುತ್ತಿದ್ದಳು. "ಎಷ್ಟು ಚೆನ್ನಾಗಿ ತಿರುಗಿಸಿದ ಅಲ್ವೇನ್ರೀ," ಎಂದಳು. ಅದು ಮದುವೆಮನೆಗೆ ಬಂದವರು ಮದುಮಗಳನ್ನು ಹೊಗಳುವ ದನಿಯೋ, ಸ್ವಂತ ಮನೆಯ ದನಿಯೋ, ಅವನಿಗೆ ಬಗೆಹರಿಯಲಿಲ್ಲ. ಮುಗಿಯಲು ಆರು ನಿಮಿಷ ಇದ್ದಾಗ ದೊಡ್ಡ ತಂಡ ಇನ್ನೊಂದು ಹೊಡೆಯಿತು. ಆಗಲೂ ಅವಳು ಕೂತೇ ಇದ್ದಳು, "ಅಯ್ಯೋ" ಎಂದಳು. ಅಯ್ಯೋ ಎಂದರೆ ಯಾರ ಅಯ್ಯೋ?

ಸೋತದ್ದಾಯಿತು. ಸೋತರೂ ಇವರ ಊರಿನವರು ಗೆದ್ದವರ ಹಾಗೆ ಚಪ್ಪಾಳೆ ತಟ್ಟಿದರು. ಆ ಮೇಲೆ ಧ್ವನಿವರ್ಧಕ ಹೇಳಿತು: ಹೊರಗಿನಿಂದ ಬಂದವರು ಈ ಊರಿನ ಜನ ಪೂರ್ತಿ ಖಾಲಿಯಾಗುವ ತನಕ ಕೂತಲ್ಲೇ ಕೂತಿರಬೇಕು. ಜಗಳ ಆಗಬಾರದಲ್ಲ, ಅದಕ್ಕೆ. ಮುಕ್ಕಾಲು ಗಂಟೆಯಾದರೂ ಆಗುತ್ತದೆ. ಮೂರು ಕಡೆಯ ಗ್ಯಾಲರಿಗಳು ನೀರು ಇಂಗಿದ ಹಾಗೆ ಖಾಲಿಯಾಗುತ್ತ ಬಂದವು. ಬಿಸಿಲು ಇನ್ನೂ ಇತ್ತು, ಎದುರಿನ ಮರದ ಸೀಟುಗಳ ಮೇಲೆ ಓರೆಯಾಗಿ ಬಿದ್ದಿತ್ತು.

ಆಗ ಬಲೆಯಾಚೆ ನಿಂತಿದ್ದ ಕಿತ್ತಳೆ ಕೋಟಿನ ಮುದುಕನೊಬ್ಬ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಬಲೆಗೆ ಮೂಗು ತಾಗಿಸಿ ನೋಡಿದ.

"ಸಿಳ್ಳೆ? ಏಯ್, ಸಿಳ್ಳೆ ಅಲ್ವಾ ನೀನು?"

ಅವಳು ತಟ್ಟನೆ ಎದ್ದಳು. "ಅಯ್ಯಯ್ಯೋ! ತಾತಾ! ಇನ್ನೂ ಇದ್ದೀಯಾ ನೀನು!"

"ನಾನೆಲ್ಲಿ ಹೋಗ್ಲಿ? ಮಂಡಿ ಹೋಯ್ತು ಅಂತ ನಮ್ಮ ಗ್ಯಾಲರಿಯಿಂದ ತೆಗೆದು ಇಲ್ಲಿ ಹಾಕಿದ್ರು. ಇದೇನು ಕೊರಳಿಗೆ ಇದು, ಸಾಸಿವೆ ಹೊಲ ಸುತ್ಕೊಂಡು ಬಂದಿದ್ದೀಯ!"

ಅವಳು ನಕ್ಕಳು. ತಲೆ ಹಿಂದಕ್ಕೆ ಹಾಕಿ, ಹಲ್ಲು ಕಾಣುವ ಹಾಗೆ. ಆ ಮೊದಲ ಗೋಲಿಗೆ ಹುಬ್ಬೂ ಅಲುಗದವಳು. ಸಿಳ್ಳೆ ಎಂದರೆ ಏನು ಎಂದು ಬೇಕರಿಯವನು ಕೇಳಿಯೇಬಿಟ್ಟ. ಮುದುಕ ಉತ್ಸಾಹದಿಂದ ಹೇಳಿದ. ಎರಡು ಬೆರಳು ಬಾಯಿಗಿಟ್ಟು ಇವಳು ಹೊಡೆದರೆ ಮೈದಾನದಲ್ಲಿ ರೆಫರಿ ಆಟ ನಿಲ್ಲಿಸಿದ್ದೂ ಉಂಟಂತೆ. ಇಡೀ ಸಾಲಿಗೆ ಇವಳು ಸಿಳ್ಳೆ. "ಗಾಜಿನವನು ಹೇಳ್ತಿದ್ದ, ನನ್ನ ಅರ್ಧ ಕಿವುಡಿಗೆ ಇವಳೇ ಕಾರಣ ಅಂತ!" ಅವನಿಗೆ ಆ ಮಾತು ಎಲ್ಲೋ ದೂರದಿಂದ ಕೇಳಿಸಿತು. ಎಂಟು ವರ್ಷ. ಎಂಟು ವರ್ಷ ಒಂದೇ ಸೂರಿನ ಕೆಳಗೆ ಇದ್ದಾಳೆ. ಅವಳ ಮೊಣಕಾಲಿನ ನೋವು ಯಾವ ಹವೆಗೆ ಬರುತ್ತದೆ, ಯಾವ ಕೆಮ್ಮಿಗೆ ಯಾವ ಔಷಧಿ, ಎಲ್ಲ ಗೊತ್ತು. ಈ ಬಾಯಿ ಸಿಳ್ಳೆ ಹೊಡೆಯುತ್ತದೆ ಎಂದು ಗೊತ್ತಿರಲಿಲ್ಲ. ಇನ್ನೊಬ್ಬನ ಕಿವಿ ಕಿವುಡಾಗುವಷ್ಟು ಹೊಡೆದು, ತನಗೆ ಒಂದು ಸಲವೂ ಕೇಳಿಸಿಲ್ಲ.

"ಇವ್ರು ನಮ್ಮನೆಯವರು," ಎಂದಳು ಅವಳು.

"ಓ," ಎಂದ ಮುದುಕ. "ಸರಿ ಸರಿ. ನಮಸ್ಕಾರ ಸ್ವಾಮಿ." ಆ 'ಓ' ಎಷ್ಟು ಉದ್ದ ಇತ್ತು ಎಂದು ಅವನು ಅಳೆದ. ಮುದುಕ ಅವಳ ಕಡೆಗೇ ತಿರುಗಿದ. "ಮುಂದಿನ ವರ್ಷ ನಮ್ಮ ಮರದ ಸೀಟೂ ಕೀಳ್ತಾರಂತೆ ಕಣೆ. ನೋಡ್ಕೊಂಡು ಬರ್ತೀಯಾ ಒಂದು ಸಲ? ಖಾಲಿ ಆಯ್ತು ನೋಡು ಆ ಕಡೆ. ಹತ್ತು ನಿಮಿಷ. ಹೇಗೂ ಇವರನ್ನ ಈಗ್ಲೇ ಬಿಡಲ್ಲ."

ಅವಳು ಗಂಡನ ಕಡೆ ತಿರುಗಿದಳು. "ನೀವೂ ಬನ್ನಿ."

"ನಾನ್ಯಾಕೆ. ನಿಮ್ಮಿಬ್ಬರದ್ದು ಅದು. ನೀನು ಹೋಗು."

"ಬನ್ನಿ ಅಂದ್ರೆ."

"ಹೋಗು ಅಂದ್ನಲ್ಲ."

ಅವಳು ಒಂದು ಕ್ಷಣ ನಿಂತಳು. ಇನ್ನೊಂದು ಸಲ ಕರೆದಿದ್ದರೆ ಹೋಗುತ್ತಿದ್ದ. ಕರೆಯಲಿಲ್ಲ. ಮುದುಕ ಬಲೆಯ ಬಾಗಿಲು ತೆಗೆದ, ಕುಂಟುತ್ತ ಮುಂದೆ ನಡೆದ. ಅವಳು ಹಿಂದೆ ಹಿಂದೆ. ಇಬ್ಬರೂ ಮೂಲೆಯ ಕಮಾನಿನೊಳಗೆ ಮಾಯವಾದರು.

"ಸ್ವಲ್ಪ ಕೊಡು ಅದನ್ನ," ಎಂದು ಅವನು ಬೇಕರಿಯವನ ಕೊರಳಿನಿಂದ ದುರ್ಬೀನು ಹೆಚ್ಚುಕಡಿಮೆ ಕಿತ್ತುಕೊಂಡೇ ತನ್ನ ಕೊರಳಿಗೆ ಹಾಕಿಕೊಂಡ. ಮೊದಲು ಬರೀ ಮಂಜು. ತಿರುಪು ತಿರುಗಿಸಿದ. ಕಂಬ. ಕಂಬದ ಹಸಿರು ಬಣ್ಣ ಎದ್ದ ಚಕ್ಕೆಗಳು ಕೂಡ ಕಾಣಿಸುವಷ್ಟು ಹತ್ತಿರ ಬಂತು. ಕಾದ. ಯಾರನ್ನೋ ಹಿಡಿಯಲು ಹೊಂಚು ಹಾಕಿದವನ ಹಾಗೆ ಉಸಿರು ಬಿಗಿಹಿಡಿದು ಕಾದ. ಹಳದಿ ಚುಕ್ಕೆಯೊಂದು ಮೆಟ್ಟಿಲ ಮೇಲೆ ಕಾಣಿಸಿತು, ಇಳಿಯಿತು, ಹದಿನೇಳನೇ ಸಾಲಿಗೆ ತಿರುಗಿತು. ಸಾಲಿನ ಉದ್ದಕ್ಕೂ ಸೀಟುಗಳ ಬೆನ್ನು ಒಂದೊಂದನ್ನೇ ಕೈಯಿಂದ ಮುಟ್ಟುತ್ತ ಬಂದಳು. ಕಂಬದ ಪಕ್ಕದ ಮಡಚಿದ್ದ ಸೀಟನ್ನು ಕೆಳಗೆ ಇಳಿಸಿ ಕೂತಳು. ಕಂಬ ಅವಳನ್ನು ಅರ್ಧ ಮರೆಮಾಡಿತು. ಅರ್ಧ ಮುಖ, ಒಂದು ಭುಜ, ಮಫ್ಲರಿನ ಒಂದು ತುದಿ. ಇದು ಮೊದಲರ್ಧ. ಹಾಗಾದರೆ ಅದರ ಪಕ್ಕದ ಖಾಲಿ ಸೀಟಿನಲ್ಲಿ ಗಾಜಿನವನು ಕೂತಿದ್ದಾನೆ. ಇವನು ಬೆವತ. ಕಣ್ಣು ತೆಗೆಯಲಾಗಲಿಲ್ಲ. ಅವಳು ಕಂಬದಾಚೆ ಬಗ್ಗಿದಳು, ಈಚೆ ಬಗ್ಗಿದಳು, ಆಮೇಲೆ ಎದ್ದು ಪಕ್ಕದ ಸೀಟಿಗೆ ಸರಿದು ಕೂತಳು. ಸರಿಯೇ. ಎರಡನೇ ಅರ್ಧ. ಯಾವುದನ್ನೂ ಮರೆತಿಲ್ಲ. ಸತ್ತು ಹತ್ತು ವರ್ಷವಾದರೂ ಜಾಗ ಬದಲಿಸಿಕೊಳ್ಳುವುದನ್ನು ಬಿಟ್ಟಿಲ್ಲ. ಬೆಳಿಗ್ಗೆಯಿಂದ ಅವನು ಹುಡುಕುತ್ತಿದ್ದದ್ದು ಇಗೋ ಸಿಕ್ಕಿತು ಎಂದು ಎದೆಯೊಳಗೆ ಒಂದು ಕೆಟ್ಟ ಸಂತೋಷ ಎದ್ದಿತು. ಹಲ್ಲುನೋವಿನ ಹಲ್ಲನ್ನು ನಾಲಿಗೆಯಿಂದ ಒತ್ತಿದಾಗ ಆಗುವಂಥದ್ದು.

ಅವಳು ಎದ್ದು ನಿಂತು ಕೈ ಮೇಲೆತ್ತಿದಳು. ಬೀಸಿದಳು.

"ಅಲ್ನೋಡು, ಅತ್ತಿಗೆ ಕೈ ಬೀಸ್ತಿದ್ದಾರೆ," ಎಂದ ಬೇಕರಿಯವನು. "ಎತ್ತೋ ಕೈಯ."

ಅವನು ಎತ್ತಲಿಲ್ಲ. ದುರ್ಬೀನಿನೊಳಗೆ ಅವಳ ಕಣ್ಣು ಈ ಮೂಲೆಯ ಮೇಲೆ ಅತ್ತಿಂದಿತ್ತ ಓಡಾಡುತ್ತಿದ್ದದ್ದು ಕಾಣಿಸಿತು. ಎಲ್ಲರ ಮೇಲೂ ಹಾದು ಹೋಗುತ್ತಿತ್ತು, ಇವನ ಮೇಲೂ ಹಾದು ಹೋಯಿತು. ಮತ್ತೆ ಬೀಸಿದಳು. ಅವನ ಎರಡೂ ಕೈ ದುರ್ಬೀನಿಗೆ ಅಂಟಿಕೊಂಡಿದ್ದವು. ಎತ್ತಿದರೆ ಏನಾಗುತ್ತಿತ್ತು? ಒಂದು ಕೈ ಸಾಕಿತ್ತು. ಆದರೆ ಎತ್ತಿದರೆ ನೋಡುವುದು ತಪ್ಪುತ್ತದೆ, ಆ ಎರಡು ಸೀಟಿನ ನಡುವೆ ಇನ್ನೂ ಏನೇನಿದೆಯೋ ಅದೆಲ್ಲ ನೋಡದೆ ಉಳಿಯುತ್ತದೆ ಎಂದು ಅವನೊಳಗೆ ಯಾವುದೋ ಒಂದು ಹಟ ಹಿಡಿದು ಕೂತಿತ್ತು. ಆಗ ಅವಳು ಕೈ ಇಳಿಸಿದಳು. ಎರಡು ಬೆರಳು ಬಾಯಿಗಿಟ್ಟಳು.

ಅದು ಮೊದಲು ಕಣ್ಣಿಗೆ ಕಾಣಿಸಿತು, ಆಮೇಲೆ ಕಿವಿಗೆ ಬಂತು. ಖಾಲಿ ಸ್ಟೇಡಿಯಂನ ಆ ತುದಿಯಿಂದ ಈ ತುದಿಗೆ, ಮೈದಾನದ ಮೇಲಿಂದ, ಗಾಜು ಕೊಯ್ದ ಹಾಗೆ ನೆಟ್ಟಗೆ ಬಂತು. ಹುಲ್ಲಿಗೆ ನೀರು ಬಿಡುತ್ತಿದ್ದವನು ತಿರುಗಿ ನೋಡಿದ. ಮೂಲೆಯಲ್ಲಿದ್ದ ಹಳದಿ ಜನರೆಲ್ಲ ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. "ಅಬ್ಬಬ್ಬಾ!" ಎಂದ ಬೇಕರಿಯವನು. "ನಿನಗೆ ಕಣೋ, ಎದ್ದೇಳೋ ಮಾರಾಯ!" ಅವನು ಏಳಲಿಲ್ಲ. ಅವನಿಗೆ ಅನ್ನಿಸಿದ್ದು ಇಷ್ಟೇ: ಅಲ್ಲಿ ನಿಂತು ಹೊಡೆದಳು. ಆ ಸತ್ತವನ ಸೀಟಿನ ಎದುರು ನಿಂತು ಹೊಡೆದಳು. ತನ್ನ ಜೊತೆ ಎಂಟು ವರ್ಷ ಇದ್ದು, ಹೊಡೆದದ್ದು ಅಲ್ಲಿ.

ಅವಳು ಇನ್ನೊಂದು ಸಲ ಹೊಡೆದಳು. ಸ್ವಲ್ಪ ಹೊತ್ತು ಕಾದಳು. ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಆಮೇಲೆ ಸಾಲಿನಿಂದ ಹೊರಗೆ ಬಂದಳು.

ಮೆಟ್ಟಿಲು ಹತ್ತಿ ಬಲೆಯ ಬಾಗಿಲಿಗೆ ಬಂದಾಗ ಅವಳಿಗೆ ಏದುಸಿರು. ಕೆನ್ನೆ ಬೆಚ್ಚಗೆ ಕೆಂಪಾಗಿತ್ತು, ಕೂದಲು ಒಂದು ಎಳೆ ಹಣೆಗೆ ಬಿದ್ದಿತ್ತು. "ಕೇಳಿಸ್ತಾ?" ಎಂದಳು. ನಾಚಿಕೆ ಇತ್ತು ಆ ದನಿಯಲ್ಲಿ, ಮತ್ತೆ ಒಂದು ಚೂರು ಜಂಬ. "ಬರುತ್ತೋ ಇಲ್ವೋ ಅಂದ್ಕೊಂಡಿದ್ದೆ. ಹತ್ತು ವರ್ಷ ಆಯ್ತು ಹೊಡೆದು."

"ಇಡೀ ಊರಿಗೆ ಕೇಳಿಸ್ತು."

"ಮತ್ತೆ ಕೈ ಎತ್ತಲೇ ಇಲ್ಲ ನೀವು? ಅಲ್ಲಿಂದ ನೋಡಿದ್ರೆ ಎಲ್ಲ ಒಂದೇ ಥರ ಕಾಣ್ತೀರ ಕಣ್ರೀ, ಬರೀ ಹಳದಿ. ಆ ಕಡೆ ಸೀಟಲ್ಲಿ ಕೂತ್ರೆ ಈ ಮೂಲೆಗೇ ಕಂಬ ಅಡ್ಡ. ಈಚೆಗೆ ಬಂದೆ, ಆದ್ರೂ ನೀವ್ಯಾರು ಅಂತ ಗೊತ್ತಾಗ್ಲಿಲ್ಲ. ಕೈ ಎತ್ತಿದ್ರೆ..."

ಅವನಿಗೆ ಎಲ್ಲ ಕೇಳಿಸಿತು. ಕೇಳಿಸಿದ ಮೇಲೂ ನಾಲಿಗೆಯ ತುದಿಯಲ್ಲಿ ಆಗಲೇ ಬಂದು ಕೂತಿದ್ದ ಮಾತು ಹಿಂದಕ್ಕೆ ಹೋಗಲಿಲ್ಲ. "ಯಾರಿಗೆ ಹೊಡೆದಿದ್ದು ಅಂತ ನನಗೇನು ಗೊತ್ತು," ಎಂದ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. ತುಟಿಯ ಮೇಲೆ ನಗು ಹಾಗೇ ಇತ್ತು. ಅವಳ ಕಣ್ಣು ಅವನ ಮುಖದಿಂದ ಅವನ ಕೊರಳಿನ ದುರ್ಬೀನಿಗೆ ಇಳಿಯಿತು. ಅಲ್ಲಿಂದ ಮೈದಾನದಾಚೆ ಆ ಕಂಬಕ್ಕೆ ಹೋಯಿತು, ಎಷ್ಟು ದೂರ, ಎಷ್ಟು ಸ್ಪಷ್ಟ ಎಂದು ಅಳೆಯುವ ಹಾಗೆ, ಮತ್ತೆ ವಾಪಸ್ ಬಂತು. ನಗು ತುಟಿಯಿಂದ ಒಂದೇ ಸಲಕ್ಕೆ ಹೋಗಲಿಲ್ಲ, ಒಂದು ತುದಿಯಿಂದ ಸ್ವಲ್ಪ ಸ್ವಲ್ಪವೇ ಹೋಯಿತು. ಬೆಳಿಗ್ಗೆ ಮನೆ ಬಿಟ್ಟಾಗಿನಿಂದ ಆ ಮುಖದಲ್ಲಿ ಏನೋ ಒಂದು ಅಲುಗಲಿ ಎಂದು ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಿದ್ದ. ಅಲುಗಿತು. ಸತ್ತವನು ಅಲ್ಲೆಲ್ಲೂ ಇರಲಿಲ್ಲ. ಇವನೊಬ್ಬನೇ ಇದ್ದ.

"ಅಯ್ಯೋ, ನಾನು ಹೇಳ್ದೆ ಅತ್ತಿಗೆ," ಎಂದ ಬೇಕರಿಯವನು, ಪಾಪ, ಏನೂ ತಿಳಿಯದೆ. "ಎತ್ತೋ ಕೈಯ ಅಂತ ಬಡ್ಕೊಂಡೆ. ಕಣ್ಣಿಗೆ ಅದನ್ನ ಒತ್ಕೊಂಡು ಕಲ್ಲು ಕೂತ ಹಾಗೆ ಕೂತಿದ್ದ. ನಿಮ್ಮನ್ನ ಬಿಟ್ಟು ಕಣ್ಣು ತೆಗೀಲಿಲ್ಲ ಅನ್ನಿ!"

ಅವಳು ಹತ್ತಿರ ಬಂದಳು. ಸ್ನಾನಕ್ಕೆ ಮುಂಚೆ ಮಗುವಿನ ಕೊರಳಿನಿಂದ ಸರ ತೆಗೆಯುವವರ ಹಾಗೆ, ಎರಡೂ ಕೈಯಿಂದ, ಕಿವಿಗೆ ತಾಗದ ಹಾಗೆ, ದುರ್ಬೀನಿನ ಪಟ್ಟಿಯನ್ನು ಅವನ ತಲೆಯ ಮೇಲಿಂದ ತೆಗೆದಳು. ಬೇಕರಿಯವನ ಕೈಗೆ ಕೊಟ್ಟಳು.

"ತಗೊಳ್ಳಿ. ಇವ್ರು ನೋಡಿದ್ದಾಯ್ತು."

ಬೇಕರಿಯವನು ನಕ್ಕ. ಮುಂದಿನ ಸಾಲಿನವರೂ ನಕ್ಕರು. ಅವನೂ ನಗಲು ನೋಡಿದ. ಅಷ್ಟರಲ್ಲಿ ಕೆಳಗೆ ಬಾಗಿಲು ತೆಗೆದರು, ಮುಕ್ಕಾಲು ಗಂಟೆ ಕೂಡಿಹಾಕಿದ್ದ ಜನ ಒಟ್ಟಿಗೇ ಎದ್ದು ಮೆಟ್ಟಿಲಿಗೆ ನುಗ್ಗಿದರು. ಅವಳು ಆಗಲೇ ಇಳಿಯುತ್ತಿದ್ದಳು. ಅವನು ಎರಡು ಮೆಟ್ಟಿಲು ಇಳಿಯುವಷ್ಟರಲ್ಲಿ ನಡುವೆ ಹತ್ತು ಜನ ಬಂದರು, ಆಮೇಲೆ ಇಪ್ಪತ್ತು. ನಿಲ್ಲು ಎಂದು ಕೂಗಬೇಕು ಅನ್ನಿಸಿತು. ಬಾಯಿ ತೆರೆದ. ಈ ಎಂಟು ವರ್ಷದಲ್ಲಿ ಅವಳನ್ನು ದೂರದಿಂದ ಕರೆದದ್ದೇ ಇಲ್ಲ ಎಂದು ಆಗ ತಿಳಿಯಿತು. ಯಾವಾಗಲೂ ಹತ್ತಿರ ಹೋಗಿ "ಇಲ್ನೋಡು" ಎಂದಿದ್ದ, ಅಷ್ಟೇ. ಇಷ್ಟು ದೂರಕ್ಕೆ, ಇಷ್ಟು ಗದ್ದಲದಲ್ಲಿ, ಇವಳಿಗೇ ಎಂದು ಗೊತ್ತಾಗುವ ಹಾಗೆ ಕೂಗಲು ಅವನಲ್ಲಿ ಒಂದು ಸದ್ದೂ ಇರಲಿಲ್ಲ. ಕಮಾನಿನ ಕತ್ತಲೆಯೊಳಗೆ ಇಳಿಯುತ್ತಿದ್ದ ಬೆನ್ನುಗಳನ್ನು ನೋಡುತ್ತ ನಿಂತ. ಎಲ್ಲ ಒಂದೇ ಥರ ಕಾಣುತ್ತಿದ್ದವು, ಬರೀ ಹಳದಿ.